ಮರಳು ತಿನ್ನುವ ಹುಳ ನಮಗೇನಾಗಬೇಕು?

ಸ್ನೇಹಿತರೇ, ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಆರನೇ ತರಗತಿಯವರು ಎರೆಹುಳದ ಬಗ್ಗೆ ಬರೆದಿದ್ದರು. ನೀವೆಲ್ಲ ಓದಿದ್ದೀರಿ. ಈ ಸಲ ನಾನು ಇನ್ನೊಂದು ಹುಳದ ಬಗ್ಗೆ ಬರೆಯುತ್ತೇನೆ. ಇದು ನಮ್ಮ ಹೊಲದಲ್ಲಿ ಸಿಗುವುದಿಲ್ಲ, ಕೆರೆಯಲ್ಲೂ ಸಿಗುವುದಿಲ್ಲ. ಇರುವುದು ಸಮುದ್ರದಲ್ಲಿ. ನೋಡಿದರೆ ಎರೆಹುಳದ ಅಣ್ಣನೋ ತಮ್ಮನೋ ಅನ್ನಿಸುತ್ತದೆ. ಆದರೆ ಎರೆಹುಳಕ್ಕಿಂತ ಇದು ನಮಗೇ ಹತ್ತಿರದ ನೆಂಟ! ಈಗಲೇ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ಅಟ್ಟದಲ್ಲಿ ಸಿಕ್ಕಿದ ಚಿತ್ರ

ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯಬೇಕೆಂದು ಅಟ್ಟದ ಸಾಮಾನೆಲ್ಲ ಕೆಳಗೆ ಇಳಿಸಿದೆವು. ಒಂದು ತಗಡಿನ ಟ್ರಂಕಿನಲ್ಲಿ ನಮ್ಮ ಅತ್ತೆಯ ಕಾಲೇಜಿನ ರೆಕಾರ್ಡ್ ಬುಕ್ ಸಿಕ್ಕಿತು. ಅತ್ತೆ 1996ರಲ್ಲಿ ಬಿ.ಎಸ್ಸಿ. ಓದುತ್ತಿದ್ದರಂತೆ. ಕೊನೆಯ ವರ್ಷದಲ್ಲಿ ಮದುವೆಯಾಯಿತು, ಪರೀಕ್ಷೆಗೆ ಕೂರಲಿಲ್ಲ. ಬುಕ್ಕು ಮಾತ್ರ ತವರುಮನೆಯ ಅಟ್ಟದಲ್ಲೇ ಉಳಿಯಿತು.

ಅದರ ಎಡಗಡೆ ಗೆರೆ ಇಲ್ಲದ ಹಾಳೆಗಳಲ್ಲಿ ಪೆನ್ಸಿಲ್ ಚಿತ್ರಗಳು. ಬಲಗಡೆ ಗೆರೆ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ವಿವರಣೆ. ಒಂದು ಪುಟದಲ್ಲಿ ಒಂದು ವಿಚಿತ್ರ ಹುಳದ ಚಿತ್ರ ಇತ್ತು. ಹೆಸರು ಬೆಲನೊಗ್ಲಾಸಸ್. ಅಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಮುಟ್ಟಿದರೆ ಮೆತ್ತಗಿರುತ್ತದೇನೋ ಅನ್ನಿಸಿತು. ಕೆಳಗೆ ಕೆಂಪು ಶಾಯಿಯ ರೈಟ್ ಗುರುತು.

ನಾನು ಅದನ್ನು ಶಾಲೆಗೆ ತಂದು ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಅರ್ಥ ಹೇಳಿದರು. ಮೊದಲ ಸಾಲು ಹೀಗಿತ್ತು: ‘ವಂಶ: ಕಾರ್ಡೇಟ. ಉಪವಂಶ: ಹೆಮಿಕಾರ್ಡೇಟ.’ ಮೇಷ್ಟ್ರು, ‘ಈ ಸಾಲು ಈಗ ಹಾಗಿಲ್ಲವಲ್ಲಮ್ಮ’ ಅಂದರು. ನನಗೆ ಬೇಜಾರಾಯಿತು. ಕೆಂಪು ರೈಟ್ ಬಿದ್ದ ಮೇಲೆ ಅದು ತಪ್ಪಾಗುವುದು ಹೇಗೆ? ಹುಳ ಬದಲಾಯಿತೋ, ಪುಸ್ತಕ ಬದಲಾಯಿತೋ? ಇದನ್ನು ತಿಳಿಯಬೇಕೆಂದೇ ಮೇಷ್ಟ್ರ ಹತ್ತಿರ ದಿನಾ ಸಂಜೆ ಕೇಳಿ ಕೇಳಿ ಬರೆದುಕೊಂಡೆ. ಅವರು ಲೈಬ್ರರಿ ಪುಸ್ತಕ ತಂದುಕೊಟ್ಟರು, ಹೊಸ ವಿಷಯಗಳನ್ನು ತಮ್ಮ ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಅದನ್ನೇ ಈಗ ನಿಮಗೆ ಹೇಳುತ್ತೇನೆ.

ಹುಳ ಹೇಗಿದೆ?

ಇದರ ಇಂಗ್ಲಿಷ್ ಹೆಸರು ಏಕಾರ್ನ್ ವರ್ಮ್. ವರ್ಮ್ ಅಂದರೆ ಹುಳ. ಏಕಾರ್ನ್ ಅಂದರೆ ಓಕ್ ಎಂಬ ಮರದ ಕಾಯಿ. ನಮ್ಮ ಕಡೆ ಆ ಮರ ಇಲ್ಲ. ಒಂದು ಅಡಿಕೆಯನ್ನು ಪುಟ್ಟ ಬಟ್ಟಲಿನಲ್ಲಿ ಕೂರಿಸಿದರೆ ಹೇಗೆ ಕಾಣುತ್ತದೋ ಹಾಗೆ ಆ ಕಾಯಿ ಇರುತ್ತದೆ. ಹುಳದ ಮೂತಿಯೂ ಹಾಗೇ ಇದೆ. ಬೆಲನೊಗ್ಲಾಸಸ್ ಅನ್ನುವುದು ಗ್ರೀಕ್ ಭಾಷೆಯಿಂದ ಬಂದ ಹೆಸರು. ‘ಬೆಲನೊಸ್’ ಅಂದರೆ ಓಕ್ ಕಾಯಿ, ‘ಗ್ಲಾಸ’ ಅಂದರೆ ನಾಲಿಗೆ.

ಈ ಹುಳದ ಮೈಯಲ್ಲಿ ಮೂರು ಭಾಗ. ಪಕ್ಕದ ಚಿತ್ರ ನೋಡಿ. (ಅತ್ತೆಯ ಚಿತ್ರ ನೋಡಿಕೊಂಡು ನಾನೇ ಬರೆದದ್ದು. ಅಷ್ಟು ಚೆನ್ನಾಗಿ ಬಂದಿಲ್ಲ.)

ಒಂದನೆಯದು ಸೊಂಡಿಲು. ಆನೆ ಸೊಂಡಿಲಿನಂತೆ ಉದ್ದ ಅಲ್ಲ, ಗುಂಡಗೆ ಮೊಂಡಾಗಿದೆ. ಇದೇ ಅಡಿಕೆ.

ಎರಡನೆಯದು ಕೊರಳಪಟ್ಟಿ. ಅಂಗಿಯ ಕಾಲರಿನ ಹಾಗೆ ಸುತ್ತಲೂ ಇದೆ. ಇದೇ ಬಟ್ಟಲು. ಸೊಂಡಿಲಿಗೂ ಕೊರಳಪಟ್ಟಿಗೂ ನಡುವೆ, ಕೆಳಗಡೆ ಬಾಯಿ.

ಮೂರನೆಯದು ಮುಂಡ. ಇದೇ ಉದ್ದನೆಯ ಮೈ. ತುದಿಯಲ್ಲಿ ಗುದದ್ವಾರ.

ಕಣ್ಣಿಲ್ಲ, ಕಿವಿಯಿಲ್ಲ, ಕೈಕಾಲಿಲ್ಲ. ನಮ್ಮ ಹಾಗೆ ತಲೆಯೊಳಗೆ ಮಿದುಳೂ ಇಲ್ಲ. ಚರ್ಮದಲ್ಲೇ ನರಗಳು ಬಲೆಯ ಹಾಗೆ ಹರಡಿವೆ. ಅದರ ಜೊತೆಗೆ ಬೆನ್ನಿನ ಕಡೆ ಒಂದು, ಹೊಟ್ಟೆಯ ಕಡೆ ಒಂದು ನರದ ಹುರಿ ಇದೆ. ಹೃದಯ ಇರುವುದು ಎಲ್ಲಿ ಗೊತ್ತಾ? ಸೊಂಡಿಲಿನೊಳಗೆ! ರಕ್ತಕ್ಕೆ ಬಣ್ಣವೇ ಇಲ್ಲ. ಗಂಡು ಬೇರೆ, ಹೆಣ್ಣು ಬೇರೆ. ಎರೆಹುಳದಲ್ಲಿ ಹಾಗಿಲ್ಲ, ಒಂದೇ ಹುಳದಲ್ಲಿ ಎರಡೂ ಇರುತ್ತದೆ ಎಂದು ಹೋದ ಸಲ ಓದಿದ್ದೇವೆ.

ಜಗತ್ತಿನಲ್ಲಿ ಸುಮಾರು ನೂರು ಬಗೆಯ ಏಕಾರ್ನ್ ಹುಳಗಳಿವೆ. ಕೆಲವು ಬೆರಳಿಗಿಂತ ಚಿಕ್ಕವು. ಬ್ರೆಜಿಲ್ ದೇಶದ ಕಡಲಿನಲ್ಲಿರುವ ಒಂದು ಬಗೆ ಒಂದೂವರೆ ಮೀಟರಿಗಿಂತಲೂ ಉದ್ದ ಬೆಳೆಯುತ್ತದೆ. ಅಂದರೆ ನಮ್ಮಲ್ಲಿ ಎಷ್ಟೋ ಜನರಿಗಿಂತ ಉದ್ದ!

ಮರಳೇ ಊಟ

ಹೆಚ್ಚಿನ ಏಕಾರ್ನ್ ಹುಳಗಳು ದಡದ ಹತ್ತಿರದ ಮರಳಿನಲ್ಲಿ ಅಥವಾ ಕೆಸರಿನಲ್ಲಿ ಬಿಲ ತೋಡಿಕೊಂಡು ಇರುತ್ತವೆ. ಕೆಲವು ಬಗೆಗಳು ತೋಡುವ ಬಿಲ ಇಂಗ್ಲಿಷಿನ ‘ಯು’ ಅಕ್ಷರದ ಹಾಗೆ, ಎರಡು ಬಾಯಿ. ಸೊಂಡಿಲನ್ನು ಉಬ್ಬಿಸಿ, ಕುಗ್ಗಿಸಿ, ಮರಳಿನೊಳಗೆ ನುಗ್ಗುತ್ತದೆ. ಮೈತುಂಬ ಲೋಳೆ ಇರುವುದರಿಂದ ಬಿಲದ ಗೋಡೆ ಕುಸಿಯುವುದಿಲ್ಲ.

ಸೊಂಡಿಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಸದಾ ಆಡುತ್ತಾ ಇರುತ್ತವೆ. ಕೆಸರಿನ ಕಣಗಳು ಲೋಳೆಗೆ ಅಂಟಿಕೊಂಡು ಹಾಗೇ ಜಾರುತ್ತಾ ಬಾಯಿಗೆ ಬರುತ್ತವೆ. ಹುಳ ಮರಳನ್ನೂ ನುಂಗುತ್ತದೆ. ಅದರಲ್ಲಿದ್ದ ಜೀವಿಗಳ ಚೂರುಪಾರು ಅರಗುತ್ತದೆ. ಉಳಿದ ಮರಳು ಹಿಂದಿನಿಂದ ಹೊರಗೆ ಬರುತ್ತದೆ. ಬಿಲದ ಬಾಯಲ್ಲಿ ಅದು ಸುರುಳಿ ಸುರುಳಿಯಾಗಿ ಬೀಳುತ್ತದೆ. ಚಕ್ಕುಲಿ ಒರಳಿನಿಂದ ಹಿಟ್ಟು ಬಿದ್ದ ಹಾಗೆ. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಎರೆಹುಳ ಹಾಕಿದ ಮಣ್ಣಿನ ಗುಪ್ಪೆ ನೋಡಿದ್ದೀರಲ್ಲ, ಇದೂ ಹಾಗೇ. ಕಡಲ ತೀರದಲ್ಲಿ ನೀರು ಇಳಿದಾಗ ಈ ಚಕ್ಕುಲಿ ನೋಡಿಯೇ ಕೆಳಗೆ ಹುಳ ಇದೆ ಅಂತ ತಿಳಿದವರು ಗುರುತಿಸುತ್ತಾರೆ.

ಇನ್ನೊಂದು ಗುರುತು ವಾಸನೆ. ಹಲವು ಏಕಾರ್ನ್ ಹುಳಗಳ ಮೈ ಅಯೊಡೋಫಾರ್ಮ್ ಎಂಬ ಔಷಧಿಯ ವಾಸನೆ ಬರುತ್ತದೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕಡೆ ಬರುವ ವಾಸನೆಯಂತೆ. ಅದರ ಮೈಯಲ್ಲಿ ಬ್ರೋಮಿನ್ ಸೇರಿದ ರಾಸಾಯನಿಕ ಇರುವುದೇ ಇದಕ್ಕೆ ಕಾರಣ.

ಕೊರಳಿನ ಹಿಂದಿನ ಕಿಂಡಿಗಳು

ಇಲ್ಲಿಯವರೆಗೆ ಓದಿದರೆ, ‘ಸರಿ, ಇದೊಂದು ಹುಳ, ಅದರಲ್ಲೇನು?’ ಅನ್ನಿಸುತ್ತದೆ. ಮುಖ್ಯ ವಿಷಯ ಈಗ ಬರುತ್ತದೆ.

ಕೊರಳಪಟ್ಟಿಯ ಹಿಂದೆ, ಬೆನ್ನಿನ ಎರಡೂ ಬದಿಗೆ ಸಾಲಾಗಿ ಸಣ್ಣ ಸಣ್ಣ ತೂತುಗಳಿವೆ. ಬಾಯಿಂದ ಒಳಗೆ ಹೋದ ನೀರು ಗಂಟಲಿನ ಗೋಡೆಯಲ್ಲಿರುವ ಸೀಳುಗಳ ಮೂಲಕ ಹಾಯ್ದು ಈ ತೂತುಗಳಿಂದ ಹೊರಗೆ ಹೋಗುತ್ತದೆ. ಇವಕ್ಕೆ ಕಿವಿರು ಸೀಳುಗಳು ಎಂದು ಹೆಸರು. ಮೀನಿನಲ್ಲಿ ಏನಿದೆ? ಬಾಯಿಂದ ನೀರು ಕುಡಿದು ಕಿವಿರಿನಿಂದ ಹೊರಗೆ ಬಿಡುತ್ತದೆ. ಅದೇ ಏರ್ಪಾಡು ಇಲ್ಲೂ ಇದೆ!

ಎರೆಹುಳದ ಗಂಟಲಿನಲ್ಲಿ ಇಂಥ ಸೀಳು ಇಲ್ಲ. ಜಿಗಣೆಗೆ ಇಲ್ಲ. ಜೇಡಕ್ಕೆ, ಏಡಿಗೆ, ಚಿಟ್ಟೆಗೆ, ಬಸವನಹುಳಕ್ಕೆ ಯಾವುದಕ್ಕೂ ಇಲ್ಲ. ಏಡಿಗೂ ಕಿವಿರು ಇದೆ, ಆದರೆ ಅದು ಕಾಲಿನ ಬುಡದಲ್ಲಿ ಇರುವುದು, ಗಂಟಲಿನಲ್ಲಿ ಅಲ್ಲ. ಗಂಟಲಿನಲ್ಲಿ ಸೀಳು ಇರುವುದು ಮೀನು, ಕಪ್ಪೆಮರಿ, ಇಂಥ ಬೆನ್ನೆಲುಬಿನ ಪ್ರಾಣಿಗಳ ಗುಂಪಿನಲ್ಲಿ. ಹಾಗಾದರೆ ಬೆನ್ನೆಲುಬೇ ಇಲ್ಲದ, ಮರಳು ತಿನ್ನುವ ಈ ಹುಳಕ್ಕೆ ಅದು ಎಲ್ಲಿಂದ ಬಂತು? ವಿಜ್ಞಾನಿಗಳ ತಲೆ ಕೆಡಿಸಿದ್ದು ಇದೇ ಪ್ರಶ್ನೆ.

ನೂರು ವರ್ಷದ ಗೊಂದಲ

1825ರಲ್ಲಿ ಎಶ್‌ಶೋಲ್ಟ್ಸ್ ಎಂಬ ವಿಜ್ಞಾನಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಸಿಕ್ಕಿದ ಒಂದು ಏಕಾರ್ನ್ ಹುಳದ ಬಗ್ಗೆ ಮೊದಲು ಬರೆದರು. ಅವರು ಇದನ್ನು ಕಡಲ ಸೌತೆಯ ಜಾತಿ ಅಂದುಕೊಂಡರು. ಕಡಲ ಸೌತೆ ಅಂದರೆ ತರಕಾರಿ ಅಲ್ಲ, ನಕ್ಷತ್ರ ಮೀನಿನ ಗುಂಪಿನ ಒಂದು ಪ್ರಾಣಿ. ನಾಲ್ಕು ವರ್ಷದ ಮೇಲೆ, 1829ರಲ್ಲಿ, ಇಟಲಿಯ ನೇಪಲ್ಸಿನಲ್ಲಿ ಡೆಲ್ಲೆ ಕಿಯಾಯೆ ಎಂಬವರು ಬೆಲನೊಗ್ಲಾಸಸ್ ಎಂದು ಹೆಸರಿಟ್ಟರು.

1850ರಲ್ಲಿ ಜರ್ಮನಿಯ ಜೊಹಾನೆಸ್ ಮುಲ್ಲರ್ ಸಮುದ್ರದ ನೀರಿನಲ್ಲಿ ತೇಲುವ ಒಂದು ಪುಟ್ಟ ಮರಿಯನ್ನು ವಿವರಿಸಿದರು. ಗಾಜಿನ ಹಾಗೆ ಪಾರದರ್ಶಕ, ಮೈಮೇಲೆ ರೋಮಗಳ ಪಟ್ಟಿ, ಗಿರಿಗಿರಿ ತಿರುಗುತ್ತಾ ಈಜುತ್ತದೆ. ಅದಕ್ಕೆ ಟಾರ್ನೇರಿಯ ಎಂದು ಹೆಸರು. ನೋಡಲು ನಕ್ಷತ್ರ ಮೀನಿನ ಮರಿಯ ಹಾಗೇ ಇತ್ತು. ಅದಕ್ಕೇ ಅವರು ಇದು ನಕ್ಷತ್ರ ಮೀನಿನ ಮರಿ ಎಂದೇ ತಿಳಿದರು. ಸುಮಾರು ಇಪ್ಪತ್ತು ವರ್ಷದ ನಂತರ ರಷ್ಯಾದ ಮೆಚ್ನಿಕಾಫ್, ‘ಇದು ನಕ್ಷತ್ರ ಮೀನಿನ ಮರಿ ಅಲ್ಲ, ಏಕಾರ್ನ್ ಹುಳದ ಮರಿ’ ಎಂದು ತೋರಿಸಿದರು. (ಇದೇ ಮೆಚ್ನಿಕಾಫ್ ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂಬ ವಿಷಯಕ್ಕೆ 1908ರಲ್ಲಿ ನೊಬೆಲ್ ಬಹುಮಾನ ಪಡೆದವರು.) ಎರಡರ ಮರಿಗಳೂ ಇಷ್ಟು ಒಂದೇ ಥರ ಇರುವುದರಿಂದ ಏಕಾರ್ನ್ ಹುಳ ಮತ್ತು ನಕ್ಷತ್ರ ಮೀನು ಒಂದೇ ಗುಂಪು ಎಂದು ಅವರು 1881ರಲ್ಲಿ ಹೇಳಿದರು.

ಅಷ್ಟರಲ್ಲಿ ಇನ್ನೊಬ್ಬ ರಷ್ಯಾದವರು, ಕೊವಲೆವ್‌ಸ್ಕಿ, 1866ರಲ್ಲಿ ಈ ಹುಳವನ್ನು ಕೊಯ್ದು ನೋಡಿ ಕಿವಿರು ಸೀಳುಗಳನ್ನು ಕಂಡುಹಿಡಿದಿದ್ದರು. ಡಾರ್ವಿನ್ನರ ಜೀವವಿಕಾಸದ ಪುಸ್ತಕ 1859ರಲ್ಲಿ ಬಂದಿತ್ತು. ಬೆನ್ನೆಲುಬಿನ ಪ್ರಾಣಿಗಳು ಯಾವುದರಿಂದ ಬಂದವು ಎಂದು ಎಲ್ಲರೂ ಹುಡುಕುತ್ತಿದ್ದ ಕಾಲ ಅದು.

ಹೀಗೆ ಮರಿಯನ್ನು ನೋಡಿದರೆ ನಕ್ಷತ್ರ ಮೀನಿನ ನೆಂಟ. ಗಂಟಲು ನೋಡಿದರೆ ನಮ್ಮ ನೆಂಟ. ಹೊರಗಿನಿಂದ ನೋಡಿದರೆ ಎರೆಹುಳದ ನೆಂಟ. ಯಾವುದು ನಿಜ?

ಬೇಟ್ಸನ್ ಕಂಡ ‘ಅರ್ಧ’

ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1883ರಲ್ಲಿ ಅಮೆರಿಕಕ್ಕೆ ಹೋಗಿ ಕಡಲ ತೀರದಲ್ಲಿ ಈ ಹುಳಗಳ ಮೊಟ್ಟೆ, ಮರಿಗಳನ್ನು ಅಭ್ಯಾಸ ಮಾಡಿದರು. ಆಗ ಅವರಿಗೆ 22 ವರ್ಷವೂ ತುಂಬಿತ್ತೋ ಇಲ್ಲವೋ ಅನ್ನುವಷ್ಟು ಚಿಕ್ಕ ವಯಸ್ಸು.

ಅವರು ಏನು ಹುಡುಕುತ್ತಿದ್ದರು ಎಂದು ತಿಳಿಯಬೇಕಾದರೆ ನೋಟೊಕಾರ್ಡ್ ಅಂದರೆ ಏನು ಎಂದು ಗೊತ್ತಿರಬೇಕು. ನಾವು ತಾಯಿಯ ಹೊಟ್ಟೆಯಲ್ಲಿ ತುಂಬಾ ಚಿಕ್ಕ ಭ್ರೂಣವಾಗಿದ್ದಾಗ ನಮಗೆ ಬೆನ್ನೆಲುಬು ಇರುವುದಿಲ್ಲ. ಅದರ ಜಾಗದಲ್ಲಿ ಬಾಗುವ ಒಂದು ಸಣ್ಣ ದಂಡ ಇರುತ್ತದೆ. ಅದೇ ನೋಟೊಕಾರ್ಡ್. ಇದು ಇರುವ ಪ್ರಾಣಿಗಳಿಗೆಲ್ಲ ಕಾರ್ಡೇಟ ವಂಶ ಎನ್ನುತ್ತಾರೆ. ಮೀನು, ಕಪ್ಪೆ, ಹಾವು, ಕೋಳಿ, ಹಸು, ನಾವು ಎಲ್ಲ ಇದರಲ್ಲಿ ಬರುತ್ತೇವೆ.

ಏಕಾರ್ನ್ ಹುಳದ ಬಾಯಿಯ ಮೇಲ್ಭಾಗದಿಂದ ಸೊಂಡಿಲಿನ ಒಳಕ್ಕೆ ಒಂದು ಚಿಕ್ಕ ಕೊಳವೆ ಚಾಚಿಕೊಂಡಿದೆ. ಬೇಟ್ಸನ್ ಇದನ್ನು ನೋಡಿ, ‘ಇದು ನೋಟೊಕಾರ್ಡೇ, ಆದರೆ ಮುಂದುಗಡೆ ಮಾತ್ರ ಇದೆ’ ಅಂದುಕೊಂಡರು. ಅರ್ಧ ಇದ್ದದ್ದರಿಂದ 1885ರಲ್ಲಿ ಹೆಮಿಕಾರ್ಡೇಟ ಎಂದು ಹೆಸರಿಟ್ಟರು. ಹೆಮಿ ಅಂದರೆ ಅರ್ಧ. ಕಾರ್ಡೇಟ ವಂಶದೊಳಗೇ ಅದನ್ನು ಸೇರಿಸಿದರು. ಅತ್ತೆಯ ರೆಕಾರ್ಡಿನ ಮೊದಲ ಸಾಲು ಅಲ್ಲಿಂದ ಬಂದದ್ದು!

ಆಮೇಲೆ ಬಂದವರು ಆ ಕೊಳವೆಯನ್ನು ಇನ್ನೂ ಸೂಕ್ಷ್ಮವಾಗಿ ನೋಡಿದರು. ಅದು ಬೆನ್ನಿನಲ್ಲಿ ಇಲ್ಲ, ನೋಟೊಕಾರ್ಡಿನ ಹಾಗೆ ಮೈಯುದ್ದಕ್ಕೂ ಬೆಳೆಯುವುದಿಲ್ಲ. ಅದು ಗಂಟಲಿನದೇ ಒಂದು ಕವಲು, ಪಕ್ಕದಲ್ಲಿರುವ ಹೃದಯಕ್ಕೆ ಆಸರೆಯಾಗಿದೆ ಅಷ್ಟೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞೆ ಲಿಬ್ಬಿ ಹೈಮನ್ 1959ರ ತಮ್ಮ ದೊಡ್ಡ ಪುಸ್ತಕದಲ್ಲಿ ಹೆಮಿಕಾರ್ಡೇಟವನ್ನು ಬೇರೆ ವಂಶ ಎಂದೇ ಬರೆದರು. ಆದರೂ ಎಷ್ಟೋ ಪಠ್ಯಪುಸ್ತಕಗಳಲ್ಲಿ ಹಳೆಯ ಪಟ್ಟಿಯೇ ಬಹಳ ಕಾಲ ಉಳಿಯಿತು. ಪುಸ್ತಕಕ್ಕಿಂತ ಮುಂಚೆ ವಿಷಯ ಹೋಗಿಬಿಡುತ್ತದೆ, ಪುಸ್ತಕ ಹಿಂದಿನಿಂದ ನಡೆದು ಬರುತ್ತದೆ ಎಂದು ಮೇಷ್ಟ್ರು ಹೇಳಿದರು.

ಬೇಟ್ಸನ್ ದಡ್ಡರಾಗಿದ್ದರಾ? ಖಂಡಿತ ಇಲ್ಲ. ವಂಶಪಾರಂಪರ್ಯದ ವಿಜ್ಞಾನಕ್ಕೆ ‘ಜೆನೆಟಿಕ್ಸ್’ ಎಂಬ ಹೆಸರನ್ನು 1905ರಲ್ಲಿ ಕೊಟ್ಟವರು ಅವರೇ. ಕೊಳವೆಯ ವಿಷಯದಲ್ಲಿ ತಪ್ಪಿದರು. ಆದರೆ ಕಿವಿರು ಸೀಳಿನಿಂದ ಈ ಹುಳ ನಮಗೆ ಸಂಬಂಧ ಎಂದದ್ದು ಸರಿಯಾಗಿತ್ತು.

ಮೊದಲ ಗುಳಿ

ಸಂಬಂಧ ಗೊತ್ತುಮಾಡಲು ಇನ್ನೊಂದು ದಾರಿ ಇದೆ. ಇದನ್ನು ಕೇಳಿ ನಮ್ಮ ತರಗತಿಯಲ್ಲಿ ಎಲ್ಲರೂ ನಕ್ಕರು. ಆದರೂ ಬರೆಯುತ್ತೇನೆ, ಏಕೆಂದರೆ ಇದು ವಿಜ್ಞಾನ.

ಮೊಟ್ಟೆ ಎಂದರೆ ಒಂದೇ ಜೀವಕೋಶ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಹೀಗೆ ಒಡೆಯುತ್ತಾ ಒಂದು ಟೊಳ್ಳು ಚೆಂಡಾಗುತ್ತದೆ. ಆಮೇಲೆ ಚೆಂಡಿನ ಒಂದು ಕಡೆ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ. ಗಾಳಿ ಕಮ್ಮಿಯಾದ ರಬ್ಬರ್ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹಾಗೆ. ಈ ಗುಳಿಯೇ ಮುಂದೆ ಕರುಳಾಗುತ್ತದೆ.

ಎರೆಹುಳ, ಬಸವನಹುಳ ಮುಂತಾದವುಗಳ ದೊಡ್ಡ ಗುಂಪಿನಲ್ಲಿ ಸಾಮಾನ್ಯವಾಗಿ ಆ ಗುಳಿಯ ಬಾಯಿ ಇದ್ದ ಕಡೆ ಪ್ರಾಣಿಯ ಬಾಯಿ ಆಗುತ್ತದೆ. ನಕ್ಷತ್ರ ಮೀನು, ಏಕಾರ್ನ್ ಹುಳ, ಕಪ್ಪೆ ಮುಂತಾದವುಗಳ ಗುಂಪಿನಲ್ಲಿ ಆ ಕಡೆ ಗುದದ್ವಾರ ಆಗುತ್ತದೆ. ಬಾಯಿ ಆಮೇಲೆ ಬೇರೆ ಕಡೆ ತೆರೆಯುತ್ತದೆ. ಈ ಎರಡನೆಯ ಗುಂಪಿನಲ್ಲಿ ನಾವೂ ಇದ್ದೇವೆ.

ಈಗ ಗೊತ್ತಾಯಿತಲ್ಲ? ಹೊರಗೆ ನೋಡಲು ಎರೆಹುಳದ ಹಾಗಿದ್ದರೂ, ಮೈ ಕಟ್ಟುವ ಕ್ರಮದಲ್ಲಿ ಏಕಾರ್ನ್ ಹುಳ ನಮ್ಮ ಕಡೆಯದು. ಮರಳಿನಲ್ಲಿ ಬಿಲ ತೋಡಿ ಬದುಕಬೇಕಾದರೆ ಯಾರಿಗೇ ಆದರೂ ಉದ್ದ, ಮೆತ್ತನೆ ಮೈ ಅನುಕೂಲ. ಅದಕ್ಕೇ ಎರಡೂ ಒಂದೇ ಥರ ಕಾಣುತ್ತವೆ. ಕೆಲಸ ಒಂದೇ ಆದರೆ ವೇಷ ಒಂದೇ ಆಗಬಹುದು, ಆದರೆ ಅದರಿಂದ ನೆಂಟಸ್ತನ ಆಗುವುದಿಲ್ಲ.

ಜೀನುಗಳ ಸಾಕ್ಷಿ

ಈಗಿನ ಕಾಲದಲ್ಲಿ ಇದಕ್ಕೆಲ್ಲ ಇನ್ನೂ ಗಟ್ಟಿ ಸಾಕ್ಷಿ ಇದೆ. ಪ್ರತಿ ಜೀವಕೋಶದಲ್ಲೂ ಜೀನುಗಳಿವೆ. ಮೈ ಹೇಗೆ ಬೆಳೆಯಬೇಕು ಎಂಬ ಸೂಚನೆ ಅದರಲ್ಲಿ ಇರುತ್ತದೆ. 1990ರ ನಂತರ ವಿಜ್ಞಾನಿಗಳು ಬೇರೆ ಬೇರೆ ಪ್ರಾಣಿಗಳ ಜೀನುಗಳನ್ನು ಹೋಲಿಸಿ ನೋಡಿದರು. ಏಕಾರ್ನ್ ಹುಳಕ್ಕೆ ಎಲ್ಲಕ್ಕಿಂತ ಹತ್ತಿರದ ಸಂಬಂಧಿಗಳು ನಕ್ಷತ್ರ ಮೀನಿನ ಗುಂಪಿನವೇ ಎಂದು ತಿಳಿಯಿತು. ಅಂದರೆ ಮರಿ ನೋಡಿ ಮೆಚ್ನಿಕಾಫ್ 1881ರಲ್ಲಿ ಹೇಳಿದ್ದು ನೂರು ವರ್ಷ ದಾಟಿದ ಮೇಲೆ ನಿಜವಾಯಿತು!

2015ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಎರಡು ಬಗೆಯ ಏಕಾರ್ನ್ ಹುಳಗಳ ಪೂರ್ತಿ ಜೀನುಗಳ ವಿವರ ಬಂತು. ಅದರಲ್ಲಿ ಒಂದು ಸ್ವಾರಸ್ಯ ಇದೆ. ಆರು ಜೀನುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ಅದೇ ಸಾಲು ಬೆನ್ನೆಲುಬಿನ ಪ್ರಾಣಿಗಳಲ್ಲೂ ಇದೆ. ಅದರಲ್ಲಿ ಹಲವು ಜೀನುಗಳು ಕೆಲಸ ಮಾಡುವುದು ಗಂಟಲು ಮತ್ತು ಕಿವಿರು ಸೀಳು ಬೆಳೆಯುವ ಜಾಗದಲ್ಲಿ. ಕೋಟಿ ಕೋಟಿ ವರ್ಷ ಆದರೂ ಸಾಲು ಕೆಟ್ಟಿಲ್ಲ.

ಹಾಗಾದರೆ ನಕ್ಷತ್ರ ಮೀನಿಗೆ ಕಿವಿರು ಸೀಳು ಯಾಕಿಲ್ಲ? ಅದರ ಹಿರಿಯರಿಗೆ ಇತ್ತು, ಆಮೇಲೆ ಕಳೆದುಹೋಯಿತು ಎನ್ನುತ್ತಾರೆ. ಮನೆತನದ ಆಸ್ತಿ ಎಲ್ಲ ಮಕ್ಕಳ ಹತ್ತಿರವೂ ಉಳಿಯುವುದಿಲ್ಲವಲ್ಲ.

ನಮ್ಮ ಕಿವಿಯೊಳಗೆ ಅದೇ ಕಿಂಡಿ

‘ನಮಗೆಲ್ಲಿದೆ ಕಿವಿರು?’ ಎಂದು ನೀವು ಕೇಳಬಹುದು. ತಾಯಿಯ ಹೊಟ್ಟೆಯಲ್ಲಿ ನಾಲ್ಕು ಐದು ವಾರದ ಭ್ರೂಣವಾಗಿದ್ದಾಗ ನಮ್ಮ ಕುತ್ತಿಗೆಯ ಬದಿಯಲ್ಲೂ ಗಂಟಲಿನಿಂದ ಹೊರಕ್ಕೆ ಮಡಿಕೆಗಳು ಬರುತ್ತವೆ. ಮೀನಿನಲ್ಲಿ ಇವೇ ತೆರೆದು ಸೀಳಾಗುತ್ತವೆ. ನಮ್ಮಲ್ಲಿ ಸೀಳಾಗುವುದಿಲ್ಲ, ಅವುಗಳಿಂದ ನಾವು ಉಸಿರಾಡುವುದೂ ಇಲ್ಲ. ಬೇರೆ ಕೆಲಸಕ್ಕೆ ತಿರುಗುತ್ತವೆ. ಮೊದಲನೇ ಮಡಿಕೆಯಿಂದ ಕಿವಿಗೂ ಗಂಟಲಿಗೂ ಇರುವ ಕೊಳವೆ ಆಗುತ್ತದೆ. ಎರಡನೆಯದರಿಂದ ಟಾನ್ಸಿಲ್ ಇರುವ ಜಾಗ ಆಗುತ್ತದೆ.

ಒಂದು ಪ್ರಯೋಗ ಮಾಡಿ. ಮೂಗು ಹಿಡಿದುಕೊಂಡು ಒಮ್ಮೆ ಎಂಜಲು ನುಂಗಿ. ಕಿವಿಯಲ್ಲಿ ‘ಟಕ್’ ಅನ್ನುತ್ತದೆ. ಆ ಶಬ್ದ ಬರುವುದು ಆ ಕೊಳವೆಯಿಂದ. ಮರಳಿನೊಳಗಿನ ಹುಳ ನೀರು ಬಿಡುವ ಕಿಂಡಿಗೂ ಇದಕ್ಕೂ ಮೂಲ ಒಂದೇ. ಸೋಜಿಗ ಅಲ್ಲವೇ?

ಹಾಗಾದರೆ ಏನಾಗಬೇಕು?

ಇಲ್ಲಿ ಒಂದು ತಪ್ಪು ಮಾಡಬಾರದು. ‘ಮನುಷ್ಯ ಏಕಾರ್ನ್ ಹುಳದಿಂದ ಬಂದ’ ಎಂದು ಬರೆದರೆ ತಪ್ಪು. ಅದು ನಮ್ಮ ಅಜ್ಜ ಅಲ್ಲ. ನಮಗೂ ಅದಕ್ಕೂ ಒಬ್ಬರೇ ಮೂಲ ಹಿರಿಯರಿದ್ದರು. ಆ ಹಿರಿಯ ಪ್ರಾಣಿ ಕಡಲಿನಲ್ಲಿತ್ತು, ಅದರ ಗಂಟಲಿನಲ್ಲಿ ಸೀಳುಗಳಿದ್ದವು. ಅಲ್ಲಿಂದ ಮನೆ ಎರಡಾಯಿತು. ಒಂದು ಮನೆಯಲ್ಲಿ ಏಕಾರ್ನ್ ಹುಳ ಮತ್ತು ನಕ್ಷತ್ರ ಮೀನು. ಇನ್ನೊಂದು ಮನೆಯಲ್ಲಿ ಮೀನು, ಕಪ್ಪೆ, ನಾವು. ಅಂದರೆ ಏಕಾರ್ನ್ ಹುಳ ನಮಗೆ ದಾಯಾದಿ ಆಗಬೇಕು! ಪಾಲಾಗಿ ಐವತ್ತು ಕೋಟಿ ವರ್ಷಕ್ಕೂ ಮೇಲಾಗಿದೆ ಅಷ್ಟೆ. ಈ ವಂಶವೃಕ್ಷದ ಕೆಲವು ಕೊಂಬೆಗಳ ಬಗ್ಗೆ ವಿಜ್ಞಾನಿಗಳು ಈಗಲೂ ವಾದ ಮಾಡುತ್ತಿದ್ದಾರೆ.

ಐವತ್ತು ಕೋಟಿ ವರ್ಷ ಎಂದು ಹೇಗೆ ಹೇಳುತ್ತಾರೆ? ಕೆನಡಾ ದೇಶದ ಬರ್ಜೆಸ್ ಶೇಲ್ ಎಂಬ ಕಡೆಯ ಕಲ್ಲಿನ ಪದರಗಳಲ್ಲಿ ಏಕಾರ್ನ್ ಹುಳದ ಪಳೆಯುಳಿಕೆ ಸಿಕ್ಕಿದೆ. ಆ ಕಲ್ಲಿಗೆ 50 ಕೋಟಿ 50 ಲಕ್ಷ ವರ್ಷ. 2013ರಲ್ಲಿ ಅದರ ವಿವರ ಪ್ರಕಟವಾಯಿತು. ಅದಕ್ಕೂ ಸೊಂಡಿಲು, ಕೊರಳಪಟ್ಟಿ, ಮುಂಡ ಇದೆ. ಕೆಲವು ಹುಳಗಳು ಒಂದು ಕೊಳವೆಯೊಳಗೆ ವಾಸವಾಗಿದ್ದ ಗುರುತೂ ಇದೆ. ಆಗ ನೆಲದ ಮೇಲೆ ಹುಲ್ಲಿರಲಿಲ್ಲ, ಮರವಿರಲಿಲ್ಲ, ಡೈನೋಸಾರ್ ಕೂಡ ಇರಲಿಲ್ಲ.

ನಮ್ಮ ದೇಶದಲ್ಲಿ ಎಲ್ಲಿದೆ?

ನಮ್ಮೂರಿನಿಂದ ರಾಮೇಶ್ವರ ಯಾತ್ರೆಗೆ ಹೋದವರು ಪಾಂಬನ್ ಸೇತುವೆ ದಾಟಿರುತ್ತಾರೆ. ಅದರ ಹತ್ತಿರವೇ ಮನ್ನಾರ್ ಕೊಲ್ಲಿಯಲ್ಲಿ ಕ್ರುಸಡೈ ಎಂಬ ಪುಟ್ಟ ದ್ವೀಪ ಇದೆ. ಅಲ್ಲಿ ಟೈಕೊಡೆರ ಫ್ಲೇವ ಎಂಬ ಏಕಾರ್ನ್ ಹುಳ ಇದೆ. 1825ರಲ್ಲಿ ಎಶ್‌ಶೋಲ್ಟ್ಸ್ ಬರೆದದ್ದು ಇದೇ ಹುಳದ ಬಗ್ಗೆ. 2015ರಲ್ಲಿ ಜೀನು ಓದಿದ ಎರಡರಲ್ಲಿ ಒಂದು ಕೂಡ ಇದೇ ಬಗೆ. ಇದರ ಮೈ ತುಂಡಾದರೆ ಸೊಂಡಿಲು, ಕೊರಳಪಟ್ಟಿ ಎಲ್ಲ ಮತ್ತೆ ಬೆಳೆಯುತ್ತದೆ. ಅದು ಹೇಗೆ ಎಂದು ವಿಜ್ಞಾನಿಗಳು ಅಭ್ಯಾಸ ಮಾಡುತ್ತಿದ್ದಾರೆ.

ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನು 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ಹಿಂದೆ ಅಲ್ಲಿ ಸುಣ್ಣಕ್ಕೆಂದು ಹವಳದ ದಿಬ್ಬಗಳನ್ನು ಒಡೆದು ಒಯ್ಯುತ್ತಿದ್ದರು. ಅದು ಗೊತ್ತಾದ ದಿನ ನನಗೆ ನಮ್ಮ ಮನೆಯ ಸುಣ್ಣದ ಬಕೆಟ್ಟು ನೆನಪಾಯಿತು. ಐವತ್ತು ಕೋಟಿ ವರ್ಷ ಉಳಿದ ವಂಶ, ಅದರ ಮರಳನ್ನು ನಾವು ಕೆಡಿಸಿದರೆ ಉಳಿಯುತ್ತದಾ?

ರೆಕಾರ್ಡಿನ ಸಾಲು

ಗೌರಿ ಹಬ್ಬಕ್ಕೆ ಅತ್ತೆ ಬಂದರು. ಬಾಗಿನ ಕೊಟ್ಟಾದ ಮೇಲೆ ನಾನು ರೆಕಾರ್ಡ್ ತಂದು ಎದುರಿಗಿಟ್ಟೆ. ಅವರು ಬಹಳ ಹೊತ್ತು ಪುಟ ತಿರುಗಿಸಿದರು. ‘ಇದು ಶೀಸೆಯಲ್ಲಿ ಬೆಳ್ಳಗೆ ಮಡಿಸಿಕೊಂಡು ಕೂತಿತ್ತು ಕಣೇ. ಫಾರ್ಮಲಿನ್ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಜೀವಂತ ನೋಡಲೇ ಇಲ್ಲ’ ಅಂದರು. ಜೀವಂತ ಇದ್ದಾಗ ಟಿಂಚರ್ ಥರ ವಾಸನೆ ಬರುತ್ತದಂತೆ ಅತ್ತೆ ಅಂದೆ. ‘ಹೌದಾ!’ ಎಂದು ನಕ್ಕರು.

ಆಮೇಲೆ ಹೆದರುತ್ತಾ ಹೇಳಿದೆ, ‘ಅತ್ತೆ, ನೀವು ಬರೆದ ಮೊದಲ ಸಾಲು ಈಗ ತಪ್ಪಂತೆ. ನಾನು ಕೆಂಪು ಪೆನ್ನಿನಲ್ಲಿ ಹೊಡೆದು ತಿದ್ದಲಾ ಅಂತ ಕೇಳಿದ್ದಕ್ಕೆ ಮೇಷ್ಟ್ರು ಬೇಡ ಅಂದರು.’

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಬೇಟ್ಸನ್ ಹೆಸರು ಅವರಿಗೆ ಇನ್ನೂ ನೆನಪಿತ್ತು. ಕೊನೆಗೆ ‘ಪೆನ್ಸಿಲ್ ಕೊಡು’ ಅಂದರು. ಹಳೆಯ ಸಾಲನ್ನು ಹೊಡೆಯಲಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಈಗ ಬೇರೆ ವಂಶ. ಹತ್ತಿರದ ಸಂಬಂಧ: ನಕ್ಷತ್ರ ಮೀನು’ ಎಂದು ಕನ್ನಡದಲ್ಲಿ ಬರೆದು ಆ ದಿನದ ತಾರೀಖು ಹಾಕಿದರು. ನಂತರ ನನ್ನನ್ನು ಕೇಳಿದರು, ‘ಮುಂದೆ ಇದರಲ್ಲಿ ಮತ್ತೇನಾದರೂ ಬದಲಾದರೆ ಕೆಳಗೆ ಜಾಗ ಇದೆ. ನೀನು ಬರೀತೀಯಾ?’

ಬರೆಯುತ್ತೇನೆ ಎಂದು ಹೇಳಿದ್ದೇನೆ. ಹುಳ ಬದಲಾಗಿಲ್ಲ ಸ್ನೇಹಿತರೇ. ಅದು ಮರಳು ತಿನ್ನುತ್ತಾ ಹಾಗೇ ಇದೆ. ನೋಡುವ ನಾವು ಸ್ವಲ್ಪ ಸ್ವಲ್ಪ ಚೆನ್ನಾಗಿ ನೋಡಲು ಕಲಿಯುತ್ತಿದ್ದೇವೆ.

ನೆನಪಿಡಿ

1. ಏಕಾರ್ನ್ ಹುಳದ ಮೈಯಲ್ಲಿ ಮೂರು ಭಾಗ: ಸೊಂಡಿಲು, ಕೊರಳಪಟ್ಟಿ, ಮುಂಡ.
2. ಅದಕ್ಕೆ ಕಿವಿರು ಸೀಳು ಇದೆ, ನೋಟೊಕಾರ್ಡ್ ಇಲ್ಲ.
3. ಅದರ ವಂಶ ಹೆಮಿಕಾರ್ಡೇಟ. ಕಾರ್ಡೇಟದ ಒಳಗಿನದಲ್ಲ, ಬೇರೆಯೇ ವಂಶ.
4. ಹತ್ತಿರದ ಸಂಬಂಧಿ ನಕ್ಷತ್ರ ಮೀನಿನ ಗುಂಪು. ನಮಗೆ ದೂರದ ದಾಯಾದಿ.
5. ಹೊರಗಿನ ರೂಪ ನೋಡಿ ನೆಂಟಸ್ತನ ಹೇಳಬಾರದು.

ಉತ್ತರ ಬರೆಯಿರಿ

1. ಎರೆಹುಳಕ್ಕೂ ಏಕಾರ್ನ್ ಹುಳಕ್ಕೂ ಇರುವ ಮೂರು ವ್ಯತ್ಯಾಸ ಬರೆಯಿರಿ.
2. ಟಾರ್ನೇರಿಯ ಮರಿಯನ್ನು ಮುಲ್ಲರ್ ಯಾವ ಪ್ರಾಣಿಯ ಮರಿ ಎಂದು ತಿಳಿದಿದ್ದರು? ಯಾಕೆ?
3. ಏಡಿಯ ಕಿವಿರಿಗೂ ಮೀನಿನ ಕಿವಿರಿಗೂ ಏನು ವ್ಯತ್ಯಾಸ?

ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿರುವ ರಟ್ಟಿನ ಪೆಟ್ಟಿಗೆಗೆ ಹಾಕಿ. ಎಲ್ಲ ಸರಿ ಬರೆದವರ ಹೆಸರು ಮುಂದಿನ ತಿಂಗಳು ಇಲ್ಲೇ ಬರುತ್ತದೆ. ಬರೆಯುತ್ತಾ ಬರೆಯುತ್ತಾ ಹಾಳೆ ಜಾಸ್ತಿ ಆಗಿದ್ದಕ್ಕೆ ಕ್ಷಮಿಸಿ.

ಬರೆದವಳು: ಏಳನೇ ತರಗತಿಯ ವಿದ್ಯಾರ್ಥಿನಿ